ಸಾವಿರದ ಮುನ್ನೂರಾ ಹನ್ನೆರಡು ದಿನ

ಇಳಕಲ್ಲಿನ ನೇಕಾರರ ಪತ್ತಿನ ಸಂಘದಲ್ಲಿ
ಹಿಂದೊಮ್ಮೆ ನೂಲಿಗೆ ಬಣ್ಣ ಹಾಕುತ್ತಿದ್ದ ಕೋಣೆ.
ಗೋಡೆಯ ಬುಡದಲ್ಲಿ ಮೊಳದಷ್ಟು ಈಗಲೂ ದಾಳಿಂಬರಿ ಕೆಂಪು.
ಆ ಕೆಂಪಿಗೆ ಬೆನ್ನು ಹಚ್ಚಿ ನಿಂತಿದೆ ಸರ್ವರು,
ಊಟಕ್ಕೆ ಕರೆಯದ ಬೀಗನ ಹಾಗೆ ಗೊಣಗುತ್ತ.

ಖಾಜಾಸಾಬ ನದಾಫರು ಅದನ್ನು ಒಮ್ಮೆಯೂ ಮಲಗಿಸಿದವರಲ್ಲ.
ಯಾರೇ ಬರಲಿ, ಚಹಾ ತರಿಸುವ ಮೊದಲು
ಎರಡೇ ಬೆರಳಿನಲ್ಲಿ ಅಪ್‌ಟೈಮ್ ಎಂದು ಹೊಡೆದು
ಬಂದ ಅಂಕಿ ತೋರಿಸುತ್ತಿದ್ದರು,
ಮೊಮ್ಮಗಳ ಮಾರ್ಕ್ಸ್‌ಕಾರ್ಡು ತೋರಿಸುವಂತೆ.
'ನೋಡ್ರಿ, ನನ್ನ ಕೈಯಾಗ ಒಂದ್ ದಿನಾನೂ ಕಣ್ ಮುಚ್ಚಿಲ್ಲ.'

ನಿವೃತ್ತಿಯ ಹಾರ ಹಾಕಿಸಿಕೊಂಡ ಸಂಜೆ
ಬೀಗದ ಕೈ, ಪಾಸ್‌ವರ್ಡಿನ ಚೀಟಿ, ಆ ಅಂಕಿ
ಮೂರನ್ನೂ ನನಗೊಪ್ಪಿಸಿದರು.
ಮೂರನೆಯದೇ ಭಾರ.

ಮೂರೂವರೆ ವರ್ಷ ದಾಟಿದ ಕರ್ನೆಲ್ಲು.
ಅದರಲ್ಲಿ ಎಲ್ಲೆಲ್ಲಿ ತೂತು ಎಂಬ ಯಾದಿ
ಕಳ್ಳರಿಗೂ ಬಾಯಿಪಾಠ.
ಯಾವನೋ ಸಾದಾ ಬಳಕೆದಾರ ಒಂದು ಸಂದಿಯಲ್ಲಿ ನುಸುಳಿ
ರೂಟ್ ಆಗಿ ಎದ್ದು ನಿಲ್ಲಬಹುದು,
ಅಂಗಳ ಗುಡಿಸಲು ಬಂದವನು
ತಿಜೋರಿಯ ಪಕ್ಕದ ಗಾದಿ ಏರಿ ಕೂತಂತೆ.

ಹೊಸದನ್ನು ಖಾಜಾಸಾಬರೇ ಎಂದೋ ಇಳಿಸಿಟ್ಟಿದ್ದರು:
ಹೊಲಿಸಿದ ಅಂಗಿ, ತೊಟ್ಟಿರಲಿಲ್ಲ.
ತೊಡಬೇಕಾದರೆ ಹಳೆಯದನ್ನು ಬಿಚ್ಚಬೇಕು,
ಅರೆಗಳಿಗೆ ಬತ್ತಲೆ ನಿಲ್ಲಬೇಕು.

ಶನಿವಾರ ರಾತ್ರಿ ಹನ್ನೊಂದು. ಓಣಿಯ ಮಗ್ಗಗಳು ಸುಮ್ಮನಾದ ಮೇಲೆ
ಫೋನು ಮಾಡಿದೆ. ಹೇಳದೆ ಮಾಡಲು ಮನಸ್ಸಾಗಲಿಲ್ಲ.
ಆ ಕಡೆ ಸ್ವಲ್ಪ ಹೊತ್ತು ಬರೀ ಫ್ಯಾನಿನ ಸದ್ದು.
ಆಮೇಲೆ ಬಾಗಿಲಲ್ಲೇ ಲೂನಾದ ಸದ್ದು.
ಕೊರಳಿಗೆ ಮಫ್ಲರು, ಕೈಯಲ್ಲಿ ಶೇಂಗಾ ಚಿಕ್ಕಿಯ ಪೊಟ್ಟಣ.
'ಬ್ಯಾಕಪ್ ತಗೊಂಡಿಯೇನವಾ?'
'ಎರಡು ಸಲ.'
'ಮೂರನೇದು?'
ಮೂರನೆಯದು ಮುಗಿಯುವ ತನಕ ಚಿಕ್ಕಿ ತಿಂದೆವು.

ಒತ್ತಿದೆ.
ಆ ಕೋಣೆ ಅಷ್ಟು ಸುಮ್ಮನಾದದ್ದನ್ನು ನಾನು ಕೇಳಿರಲಿಲ್ಲ;
ಹಿತ್ತಲ ನಲ್ಲಿ ಸೋರುತ್ತದೆಂದು ಆಗ ತಿಳಿಯಿತು.
ಮತ್ತೆ ಗಾಳಿ, ಮತ್ತೆ ಅಕ್ಷರ, ಸಾಲಿನ ಮೇಲೆ ಸಾಲು,
ತಟ್ಟನೆ ನಿಂತವು. ಪ್ಯಾನಿಕ್.
ಡಿಸ್ಕು ಎಲ್ಲಿದೆಯೋ ಅದಕ್ಕೆ ಗೊತ್ತಿಲ್ಲವಂತೆ.
ಹನ್ನೊಂದು ಸಾವಿರ ಖಾತೆ.
ನಮ್ಮವ್ವನ ಪಿಗ್ಮಿಯೂ ಅದರೊಳಗೆ.

ಖಾಜಾಸಾಬರು ಕುರ್ಚಿ ಎಳೆದುಕೊಂಡರು.
'ಹೆದರಬ್ಯಾಡ. ಮತ್ತ ಚಾಲೂ ಮಾಡು. ಯಾದಿ ಬರ್ತೈತಿ,
ಕೆಳಗಿನ ಬಾಣ ಒತ್ತು, ಹಳೇದು ಅಲ್ಲೇ ಐತಿ.
ಸೊಸಿ ಬಂದ್ಲಂತ ಅತ್ತಿನ್ನ ಹೊರಗ ಹಾಕ್ತಾರೇನು?'

ಹಳೆಯದು ಎದ್ದಿತು, ತುಸು ಬೈದುಕೊಂಡೇ.
ಅದರ ಹೆಗಲ ಮೇಲೆ ಕೂತು
ಹೊಸದರ ಬುತ್ತಿಗಂಟು ಬಿಚ್ಚಿ ನೋಡಿದರೆ
ರೇಡ್ ಕಾರ್ಡಿನ ಡ್ರೈವರು ಅದರಲ್ಲಿ ಇರಲೇ ಇಲ್ಲ.
ಸೆರಗಿನ ಹಾಸಿಗೂ ಒಡಲ ಹಾಸಿಗೂ ಕೊಂಡಿ ಹಾಕುತ್ತ
ಅವ್ವ ಹೇಳುತ್ತಿದ್ದಳು:
ಒಂದೆಳಿ ಬಿಟ್ರ ಮಗ್ಗದಾಗ ಕಾಣೂದಿಲ್ಲ, ಉಟ್ಟ ದಿನ ಕಾಣ್ತೈತಿ.
ಸೇರಿಸಿದೆ. ಗಂಟು ಕಟ್ಟಿದೆ. ಇನ್ನೊಮ್ಮೆ ಒತ್ತಿದೆ.

ಈ ಸಲ ಅಕ್ಷರಗಳು ಎಲ್ಲೂ ಎಡವಲಿಲ್ಲ.
ಲಾಗಿನ್ ಎಂಬ ಪದ. ಅದರ ಮುಂದೆ ಮಿಟುಕುವ ಗೆರೆ.

ನಸುಕಿನ ಮೂರು ಗಂಟೆ.
ಮಫ್ಲರಿನ ತುದಿಯಿಂದ ಪರದೆ ಒರೆಸಿ
ಅದೇ ಎರಡು ಬೆರಳಿನಲ್ಲಿ ತಾವೇ ಹೊಡೆದರು ಅದೇ ಪದ.
ಚಾಳೀಸು ಮನೆಯಲ್ಲೇ ಉಳಿದಿತ್ತು.
'ಎಷ್ಟಾತು? ಓದಿ ಹೇಳು.'
'ಏಳು ನಿಮಿಷ.'
'ಇನ್ನೂ ಹೊಕ್ಕಳಬಳ್ಳಿ ಸೈತ ಬಿದ್ದಿಲ್ಲ' ಎಂದು
ಉಳಿದ ಚಿಕ್ಕಿಯನ್ನು ಕೀಲಿಮಣೆಯ ಪಕ್ಕ ಇಟ್ಟು ಎದ್ದರು.

ಓಣಿಯ ತಿರುವು ದಾಟುವವರೆಗೂ
ಲೂನಾ ತಳ್ಳಿಕೊಂಡೇ ಹೋದರು, ಚಾಲೂ ಮಾಡದೆ.